ಶೀನನ 39 ನಿಮಿಷಗಳು: ಯುವ ಬರಹಗಾರರಿಗೊಂದು ಪತ್ರ

ಮಾಟುಂಗಾ, ಮುಂಬೈ

ಪ್ರಿಯ ಮಿತ್ರರೇ,

ಡೊಂಬಿವಲಿಯಿಂದ ನೀವು ಬರೆದ ಪತ್ರ ಕೈಸೇರಿತು. ನಿಮ್ಮ ಹಸ್ತಪ್ರತಿಯನ್ನು ಏಳು ಮಂದಿ ಓದುಗರಿಗೆ ಕೊಟ್ಟು, ಅವರ ಅಭಿಪ್ರಾಯಗಳನ್ನು ಒಟ್ಟುಮಾಡಿ ನಿಮಗೆ ಕಳುಹಿಸಿದವನು ನಾನೇ ಆದ್ದರಿಂದ, ನಿಮ್ಮ ಮನಸ್ಸಿಗೆ ಆಗಿರುವ ನೋವಿನಲ್ಲಿ ನನ್ನ ಪಾಲೂ ಇದೆ. ಆದರೆ ‘ಇವರು ಕಾದಂಬರಿಯನ್ನು ಓದಲಿಲ್ಲ, ಲೆಕ್ಕ ತಪಾಸಣೆ ಮಾಡಿದರು’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಅವರೆಲ್ಲರೂ ಓದಿದ್ದಾರೆ, ಕೆಲವರು ಎರಡೆರಡು ಸಲ ಓದಿದ್ದಾರೆ.

ನಿಮ್ಮ ಕಾದಂಬರಿಯ ಬೀಜ ಅಪರೂಪದ್ದು ಎಂಬುದರಲ್ಲಿ ಏಳು ಮಂದಿಗೂ ಭಿನ್ನಾಭಿಪ್ರಾಯವಿಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ಪ್ರಮಾಣ ಸಮಯ ಬಂದ ಮೇಲೂ ಈ ಊರು ತನ್ನ ಹಳೆಯ ‘ಬಾಂಬೆ ಟೈಮ್’ ಅನ್ನು ಬಿಟ್ಟುಕೊಡಲಿಲ್ಲ. 1955ರವರೆಗೂ ಅದನ್ನು ಉಳಿಸಿಕೊಂಡಿತ್ತು. ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಪ್ರಮಾಣ ಸಮಯಕ್ಕಿಂತ 39 ನಿಮಿಷ ಹಿಂದೆ. ಈ ಎರಡು ಗಡಿಯಾರಗಳ ನಡುವೆ ಯಾರ ಲೆಕ್ಕಕ್ಕೂ ಸೇರದೆ ಉಳಿದ 39 ನಿಮಿಷಗಳೊಳಗೆ, ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಓಡುವ ಶೀನನೆಂಬ ಹುಡುಗ ನುಸುಳಬಲ್ಲ ಎಂದು ನೀವು ಕಲ್ಪಿಸಿಕೊಂಡಿರಿ. ಬೆಳಗಿನ ನಾಲ್ಕರಿಂದ ರಾತ್ರಿಯ ತನಕ ತನ್ನದೆನ್ನುವ ಒಂದು ಗಳಿಗೆಯೂ ಇಲ್ಲದವನ ಕೈಗೆ ಕಾಲದ ಕೀಲಿಕೈ ಸಿಕ್ಕಿದ್ದು ನನಗೆ ತುಂಬ ಸರಿಯೆನಿಸಿತು. ಅವನು ಮೊದಲ ಸಲ ಆ ಬಾಗಿಲು ದಾಟಿದಾಗ ನಿಧಿಯನ್ನು ಹುಡುಕಲು ಹೋಗದೆ, ಹಿಟ್ಟಿನ ಚೀಲಕ್ಕೆ ಒರಗಿ ನಿದ್ದೆ ಮಾಡುತ್ತಾನಲ್ಲ, ಅದನ್ನು ಬರೆದ ಕೈಯ ಮೇಲೆ ನನಗೆ ಪೂರ್ಣ ನಂಬಿಕೆಯಿದೆ.

ಇನ್ನು ನಿಮ್ಮನ್ನು ನೋಯಿಸಿದ ಪ್ರಶ್ನೆಗೆ ಬರುತ್ತೇನೆ. ‘ಪಾಠ ಕಲಿಯಲು, ನಿದ್ದೆ ಮಾಡಲು, ಮಾಲೀಕನ ಬೈಗುಳ ತಪ್ಪಿಸಿಕೊಳ್ಳಲು ನೂರು ಸಲ ಆ ಬಾಗಿಲು ತೆರೆದವನು, ಅಣ್ಣನಿಗಾಗಿ ಒಂದು ಸಲ ಏಕೆ ತೆರೆಯಲಿಲ್ಲ?’ ಎಂದು ಓದುಗರೊಬ್ಬರು ಕೇಳಿದ್ದಾರೆ. 1944ರ ಏಪ್ರಿಲ್ 14ರ ಸಂಜೆ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ ಶೀನನ ಅಣ್ಣ ಅಲ್ಲಿ ಹತ್ತಿಯ ಮೂಟೆ ಇಳಿಸುತ್ತಿದ್ದ. ಆ ಹಡಗಿನಲ್ಲಿ ಎರಡು ಸ್ಫೋಟಗಳಾದವು, ಅವುಗಳ ನಡುವೆ ಸುಮಾರು ಅರ್ಧ ಗಂಟೆಯ ಅಂತರವಿತ್ತು ಎಂಬ ಚರಿತ್ರೆಯ ಸಂಗತಿಯನ್ನು ನೀವೇ ಕಾದಂಬರಿಯಲ್ಲಿ ತಂದಿದ್ದೀರಿ. ಮೊದಲ ಸ್ಫೋಟದಲ್ಲಿ ಗಾಯಗೊಂಡು ಉಳಿದ ಅಣ್ಣ ಎರಡನೆಯದರಲ್ಲಿ ಸಾಯುತ್ತಾನೆ. ಅರ್ಧ ಗಂಟೆಯ ಎದುರು 39 ನಿಮಿಷಗಳನ್ನು ಇಟ್ಟ ಮೇಲೆ ಓದುಗರು ಲೆಕ್ಕ ಹಾಕದೆ ಹೇಗಿರುತ್ತಾರೆ? ಆ ಪ್ರಶ್ನೆಗೆ ನೀವು ಕಾಲದ ಪ್ರವಾಹ, ಅದರ ಸುಳಿ, ವಿಧಿಯ ಗಂಟು ಎಂದು ನಾಲ್ಕು ಪುಟಗಳ ಸಮಾಧಾನ ಬರೆದು ಕಳುಹಿಸಿದ್ದೀರಿ. ಅದನ್ನು ನಾನು ಅವರಿಗೆ ತಲುಪಿಸಿಲ್ಲ. ಅವರು ಸಿದ್ಧಾಂತ ಕೇಳಿರಲಿಲ್ಲ. ಆ ಅಣ್ಣನನ್ನು ಅಷ್ಟು ಪ್ರೀತಿಸಿದ್ದರಿಂದ ಕೇಳಿದರು.

ಉಳಿದವರ ಮಾತನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಒಬ್ಬರು ‘ಕೊನೆಯ ಭಾಗ ಅವಸರದ್ದು’ ಎಂದಿದ್ದಾರೆ. ಇನ್ನೊಬ್ಬರಿಗೆ ಶೀನ ‘ಇದ್ದಕ್ಕಿದ್ದಂತೆ ಸ್ವಾರ್ಥಿಯಾಗಿ’ ಕಂಡಿದ್ದಾನೆ. ಮತ್ತೊಬ್ಬರು ‘ಅಣ್ಣನ ಸಾವು ಬೇಕಿರಲಿಲ್ಲ’ ಎಂದು ಒಂದೇ ಸಾಲು ಬರೆದಿದ್ದಾರೆ. ಮೇಲುನೋಟಕ್ಕೆ ಇವು ಮೂರು ಬೇರೆ ದೂರುಗಳು, ಆದರೆ ಮೂರೂ ಅದೇ ಹದಿನೆಂಟನೆಯ ಅಧ್ಯಾಯಕ್ಕೆ ಬಂದು ಎಡವಿದವರ ಮಾತುಗಳು. ಅವಸರವೂ ಅಲ್ಲ, ಸ್ವಾರ್ಥವೂ ಅಲ್ಲ. ಬಾಗಿಲು ಏಕೆ ತೆರೆಯಲಿಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ, ಅಷ್ಟೇ.

ಈ ಊರಿನಲ್ಲಿ ಜಯದ್ರಥ ವಧೆಯ ತಾಳಮದ್ದಲೆಯನ್ನು ನೀವೂ ಕೇಳಿರುತ್ತೀರಿ. ಕೃಷ್ಣ ಸೂರ್ಯನನ್ನು ಮರೆಮಾಡಿ ಹಗಲನ್ನು ಇರುಳೆಂದು ತೋರಿಸುತ್ತಾನೆ. ಹೊತ್ತು ಮುಳುಗಿತೆಂದು ಜಯದ್ರಥ ತಲೆಯೆತ್ತುತ್ತಾನೆ. ಅರ್ಜುನನ ಬಾಣ ಹೊರಡುತ್ತದೆ. ಕಾಲವನ್ನು ಕೈಯಲ್ಲಿ ಹಿಡಿದವನೊಬ್ಬನ ಕಥೆಯೇ ಅದು. ಹಾಗಿದ್ದರೆ ಹಿಂದಿನ ದಿನ ಅಭಿಮನ್ಯುವನ್ನು ಏಕೆ ಉಳಿಸಲಿಲ್ಲ ಎಂಬ ಪ್ರಶ್ನೆ ಏಳಲೇಬೇಕು, ಸಮರ್ಥ ಅರ್ಥಧಾರಿ ಅದನ್ನು ಎತ್ತಲೂಬಹುದು. ಆದರೆ ಕಥೆ ಆ ಪ್ರಶ್ನೆಗೆ ಮೊದಲೇ ಸಿದ್ಧವಾಗಿದೆ: ಸಂಶಪ್ತಕರು ಕೃಷ್ಣಾರ್ಜುನರನ್ನು ಯುದ್ಧಭೂಮಿಯ ಇನ್ನೊಂದು ಬದಿಗೆ ಸೆಳೆದಿದ್ದರು, ಅರ್ಜುನನೊಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ವರ ಜಯದ್ರಥನಿಗಿತ್ತು. ಇವು ಮಗು ಸಾಯುವುದಕ್ಕೆ ಮುಂಚೆಯೇ ನಮಗೆ ಗೊತ್ತಾಗಿರುತ್ತವೆ. ಇದೇ ಮಾತನ್ನು ಅಭಿಮನ್ಯು ಸತ್ತ ಮೇಲೆ ಹೇಳಿದ್ದರೆ ಅದು ಕವಿಯ ನೆಪವಾಗಿ ಕೇಳಿಸುತ್ತಿತ್ತು. ನಿಮ್ಮ ನಾಲ್ಕು ಪುಟಗಳು ಸತ್ತ ಮೇಲೆ ಹೇಳಿದವು.

ಈಗ ನಿಮಗೆ ಅತಿಯಾಗಿ ಸಿಟ್ಟು ತರಿಸಿದ ಅಭಿಪ್ರಾಯವನ್ನು ತೆಗೆದುಕೊಳ್ಳೋಣ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರೆಂದೂ, ಆದ್ದರಿಂದ 1944ರಲ್ಲಿ ‘39 ನಿಮಿಷ’ ಎಂದು ಸುಮ್ಮನೆ ಬರೆದರೆ ನಿಲ್ಲುವುದಿಲ್ಲವೆಂದೂ ಬರೆದಿದ್ದಾರೆ. ‘ಕಲ್ಪನೆಯ ಕಥೆಗೆ ಇಂಥ ಲೆಕ್ಕವೇಕೆ’ ಎಂದು ನೀವು ಕೇಳುತ್ತೀರಿ. ಗಡಿಯಾರದ ಮೇಲೆ ನಿಂತ ಕಲ್ಪನೆಗೆ ಗಡಿಯಾರದ ಲೆಕ್ಕ ಬೇಕೇ ಬೇಕು; ಓದುಗ ಒಂದು ಅಸಂಭವವನ್ನು ಸಂತೋಷದಿಂದ ಒಪ್ಪುತ್ತಾನೆ, ಅದನ್ನು ಒಪ್ಪಿದ ಮೇಲೆ ಉಳಿದದ್ದೆಲ್ಲ ಖಚಿತವಾಗಿರಬೇಕೆಂದು ಬಯಸುತ್ತಾನೆ. ಅದಕ್ಕಿಂತ ಹೆಚ್ಚಿನದನ್ನು ಆ ಹಿರಿಯರು ತಮಗರಿಯದೆ ಕೊಟ್ಟಿದ್ದಾರೆ. ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ರಾತ್ರಿ ಶೀನನ ಬಾಗಿಲಿಗೆ ಏನಾಯಿತು? ಹಿಗ್ಗಿತೇ, ಜಾಗ ಬದಲಿಸಿತೇ, ಮುಚ್ಚಿಹೋಯಿತೇ? ಹಿಗ್ಗಿದ್ದರೆ, ಹಿಗ್ಗಿದ ಆ ಗಂಟೆಗೆ ಹುಡುಗ ಏನನ್ನು ತೆರಬೇಕಾಯಿತು?

ಅಣ್ಣನ ಬಗ್ಗೆ ಕೇಳಿದವರ ಪ್ರಶ್ನೆಗೆ ಉತ್ತರ ಈ ಹಿರಿಯರ ತಿದ್ದುಪಡಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಯಾವ ಉತ್ತರ ಆರಿಸಬೇಕೆಂಬುದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ, ಬಾಗಿಲು ಮುಚ್ಚಿತೆಂದು ಬರೆಯುವುದಿಲ್ಲ. ಅದು ಸುಲಭದ ದಾರಿ. ತೆರೆದೇ ಇದ್ದು, ಪ್ರತಿ ಸಲ ಒಳಹೊಕ್ಕಾಗಲೂ ಅಷ್ಟೇ ನಿಮಿಷಗಳು ಅವನಿಗೆ ಪ್ರಿಯರಾದವರ ನೆನಪಿನಿಂದ ಕಳೆದುಹೋಗುತ್ತವೆ ಎಂದು ಐದನೆಯ ಅಧ್ಯಾಯದಲ್ಲೇ, ಒಂದು ಚಿಕ್ಕ ಸಂಗತಿಯಾಗಿ, ತೋರಿಸುತ್ತಿದ್ದೆ. ಊರಿಂದ ಬಂದ ಅಣ್ಣ ಮೊದಲ ದಿನ ಕೊಡಿಸಿದ ಐಸ್‌ಫ್ರೂಟ್ ಅಣ್ಣನಿಗೇ ಮರೆತುಹೋದರೆ ಸಾಕು. ಡಾಕ್‌ನ ಹೊಗೆಯೊಳಗೆ ಶೀನ ಅಣ್ಣನ ಹೆಸರು ಹಿಡಿದು ಕೂಗುವಾಗ, ಕೂಗುತ್ತಿರುವವನು ಯಾರೆಂದು ಅಣ್ಣನಿಗೆ ಗೊತ್ತಾಗದಿದ್ದರೆ ಅವನು ಏಕೆ ಆ ಕಡೆ ಬಂದಾನು? ಆಗ ಹನ್ನೊಂದನೆಯ ಅಧ್ಯಾಯದ ವಿವರಣೆಯೂ, ಅಂದರೆ ಮುದುಕ ಗಡಿಯಾರದವನು ಕಾಲದ ಸ್ವರೂಪವನ್ನು ಬಿಡಿಸಿ ಹೇಳುವ ಆ ದೀರ್ಘ ಭಾಷಣವೂ, ಬೇಕಾಗುವುದಿಲ್ಲ. ಏಳರಲ್ಲಿ ಐವರು ಅಲ್ಲಿ ಪುಟ ಹಾರಿಸಿದ್ದಾರೆ.

ಎಲ್ಲ ಅಭಿಪ್ರಾಯಗಳನ್ನೂ ಹೀಗೆ ಎದೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಪ್ರೇಮಪ್ರಸಂಗ ಬೇಕೆಂದವರು ಬೇರೆಯೇ ಪುಸ್ತಕವನ್ನು ಬಯಸಿದ್ದಾರೆ. ಹೋಟೆಲಿನ ಹುಡುಗರ ಮಾತಿನಲ್ಲಿ ತುಳು, ಮರಾಠಿ, ಬಂಬಯ್ಯಾ ಹಿಂದಿ ಬೆರೆತದ್ದನ್ನು ತೆಗೆಯಿರಿ ಎಂದವರ ಮಾತನ್ನು ದಯವಿಟ್ಟು ಕೇಳಬೇಡಿ. ಆ ಮಾತಿಲ್ಲದೆ ಆ ಅಡುಗೆಮನೆ ಇಲ್ಲ.

ಒಂದು ವಿಷಯವನ್ನು ನನ್ನ ಅನುಭವದಿಂದ ಹೇಳಬೇಕು. ನನ್ನ ಎರಡನೆಯ ಕಥಾಸಂಕಲನ ಬಂದಾಗ ಓದುಗರೊಬ್ಬರು, ಕಥೆಯೊಂದರಲ್ಲಿ ತಾಯಿಯ ಮೌನ ತಮಗೆ ನಂಬಿಕೆಯಾಗಲಿಲ್ಲ ಎಂದು ಅಂಚೆಕಾರ್ಡಿನಲ್ಲಿ ಬರೆದಿದ್ದರು. ನಾನು ಅದೇ ರಾತ್ರಿ ಅವರ ಓದನ್ನೇ ಹಳಿದು ಉತ್ತರ ಹಾಕಿದೆ. ಅವರು ಮತ್ತೆ ಬರೆಯಲಿಲ್ಲ. ವರ್ಷಗಳ ನಂತರ ಆ ಕಥೆಯನ್ನು ಮರುಮುದ್ರಣಕ್ಕೆ ತಿದ್ದಲು ಕುಳಿತಾಗ ಅವರ ಮಾತು ನಿಜವೆಂದು ಕಂಡಿತು, ಕ್ಷಮೆ ಕೇಳಲು ವಿಳಾಸ ಉಳಿದಿರಲಿಲ್ಲ. ನಿಮ್ಮ ನಾಲ್ಕು ಪುಟಗಳನ್ನು ನಾನು ತಡೆದಿಟ್ಟುಕೊಂಡದ್ದು ಅದಕ್ಕಾಗಿ.

ಹಸ್ತಪ್ರತಿಯ ಒಂದು ಪ್ರತಿಯನ್ನು ಮಾತ್ರ ನಿಮಗೆ ಕಳುಹಿಸಿರಲಿಲ್ಲ. ಅದು ನಿಮ್ಮಂತೆಯೇ ಡೊಂಬಿವಲಿಯಿಂದ ದಿನವೂ ಬರುವ, ದಾದರ್‌ನಲ್ಲಿ ಇಳಿಯುವ ಮಹಿಳೆಯೊಬ್ಬರದು. ಅವರು ಅಭಿಪ್ರಾಯವೆಂದು ಏನನ್ನೂ ಬರೆದುಕೊಡಲಿಲ್ಲ. ಓದು ನಿಲ್ಲಿಸಿದಲ್ಲೆಲ್ಲ ಪೆನ್ಸಿಲಿನಲ್ಲಿ ಸ್ಟೇಷನ್ನಿನ ಹೆಸರು ಗುರುತು ಹಾಕಿದ್ದಾರೆ, ಬಹುಶಃ ಮುಂದೆ ಎಲ್ಲಿಂದ ಓದಬೇಕೆಂದು ತಿಳಿಯಲು. ಗಡಿಯಾರದವನ ಭಾಷಣದಲ್ಲಿ ಠಾಣೆ, ಮುಲುಂಡ್, ಘಾಟ್ಕೋಪರ್, ಕುರ್ಲಾ ಎಂದು ನಾಲ್ಕು ಗುರುತುಗಳಿವೆ. ಏಳನೆಯ ಅಧ್ಯಾಯದಲ್ಲಿ, ಶೀನ ಆ 39 ನಿಮಿಷಗಳೊಳಗೆ ಮೊದಲ ಬಾರಿಗೆ ತನಗಾಗಿ ದೋಸೆ ಹುಯ್ದುಕೊಳ್ಳುವಲ್ಲಿ, ಕಾವಲಿಯ ಮೇಲೆ ನೀರು ಚಿಮುಕಿಸಿ ಆ ಚುಂಯ್ ಸದ್ದಿಗೆ ಯಾರಾದರೂ ಎದ್ದಾರೆಂದು ಬೆದರಿ, ಯಾರೂ ಏಳುವುದಿಲ್ಲವೆಂದು ನೆನಪಾಗಿ ಜೋರಾಗಿ ನಗುವಲ್ಲಿ, ಹದಿನಾಲ್ಕು ಪುಟಗಳ ಉದ್ದಕ್ಕೂ ಒಂದು ಗುರುತೂ ಇಲ್ಲ. ಅಧ್ಯಾಯ ಮುಗಿದ ಮೇಲೆ ಅಂಚಿನಲ್ಲಿ ‘ಬೈಕಲಾ’ ಎಂದಿದೆ. ಅವರು ಇಳಿಯಬೇಕಾಗಿದ್ದ ದಾದರ್ ದಾಟಿಹೋಗಿತ್ತು.

ಆ ಪ್ರತಿ ನನ್ನ ಮೇಜಿನ ಮೇಲಿದೆ. ಭಾನುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಿ. ರೈಲ್ವೆಯ ಹಿರಿಯರನ್ನೂ ಅಂದೇ ಬರಹೇಳಿದ್ದೇನೆ. ಯುದ್ಧಕಾಲದ ಗಡಿಯಾರದ ಬಗ್ಗೆ ಅವರ ಬಳಿ ಹೇಳುವುದು ಇನ್ನೂ ಇದೆಯಂತೆ.

ನಿಮ್ಮ ಹಿತೈಷಿ