‘ನಾಲ್ಕು ಇಂಚು ಬಿಟ್ಟು’ ಅಂದರೆ ಎಲ್ಲಿಂದ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ‘ಮನೆಯಲ್ಲೇ ಐದು ನಿಮಿಷದಲ್ಲಿ ಲೇಯರ್ ಕಟ್’ ಅಂತ, ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಕೊಳ್ಳುವ ವಿಧಾನವನ್ನು ಮತ್ತೆ ಹಾಕಿದ್ದೀರಿ. ಯುಗಾದಿ ಆದಮೇಲೂ ಇಂಥದ್ದೇ ಒಂದು ಬಂದಿತ್ತು. ಆಗ ಅದನ್ನು ಓದಿದವಳು ನನ್ನ ಮಗಳು. ಈ ಸಲ ಅವಳಿಗಿಂತ ಮೊದಲು ನಾನು ಓದಿದೆ. ಅದಕ್ಕೇ ಈ ಪತ್ರ.

ನಾನು ತಿಪಟೂರಿನವಳು. ಹತ್ತೊಂಬತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮಗಳು ಸೆಕೆಂಡ್ ಪಿಯುಸಿ. ಅಕ್ಕನ ಮಗನ ಮದುವೆಗೆ ಹನ್ನೆರಡು ದಿನ ಇದ್ದಾಗ ಅವಳಿಗೆ ಲೇಯರ್ ಬೇಕೆನಿಸಿತು. ಪಾರ್ಲರ್‌ನಲ್ಲಿ ಆರುನೂರು ರೂಪಾಯಿ ಅಂದರು. ನಾನು ಬೇಡ ಅಂದೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ಅವಳು ನಿಮ್ಮ ಪುರವಣಿಯನ್ನು ಕನ್ನಡಿಗೆ ಆನಿಸಿಟ್ಟುಕೊಂಡು ಅದರಲ್ಲಿ ಹೇಳಿದ ಹಾಗೇ ಮಾಡಿದಳು. ತಲೆಗೆ ನೀರು ಹಾಕಿಕೊಂಡಳು. ಮುಂದಕ್ಕೆ ಬಗ್ಗಿ, ಅಷ್ಟೂ ಕೂದಲನ್ನು ಹಣೆಯ ಕಡೆ ಬಾಚಿ, ಹಣೆಯಂಚಿಗೇ ರಬ್ಬರ್ ಬ್ಯಾಂಡ್ ಹಾಕಿ ಜುಟ್ಟು ಕಟ್ಟಿದಳು. ಅದರ ಮುಂದಿನ ಸಾಲು: ‘ನಾಲ್ಕು ಇಂಚು ಬಿಟ್ಟು ಕತ್ತರಿಸಿ.’

ಎಲ್ಲಿಂದ ನಾಲ್ಕು ಇಂಚು ಸ್ವಾಮಿ? ಬರೆದವರ ಮನಸ್ಸಲ್ಲಿ ತುದಿಯಿಂದ ಅಂತ ಇತ್ತೋ ಏನೋ. ನನ್ನ ಮಗಳು ಬ್ಯಾಂಡಿನಿಂದ ನಾಲ್ಕು ಇಂಚು ಬಿಟ್ಟಳು. ನನ್ನದೇ ಟೇಪ್ ಹಿಡಿದು ಅಳೆದು ಬಿಟ್ಟಳು. ಆಮೇಲೆ ನನ್ನ ಬಟ್ಟೆ ಕತ್ತರಿ ತಗೊಂಡು ಕತ್ತರಿಸಿದಳು. ನಾನು ಆಗ ಹೊರಗೆ ಇಸ್ತ್ರಿ ಹಾಕುತ್ತಿದ್ದೆ. ‘ಅಮ್ಮಾ’ ಅಂತ ಕೂಗಿದ ದನಿ ಕೇಳಿಯೇ ಏನೋ ಆಗಿದೆ ಅಂತ ಗೊತ್ತಾಯಿತು. ಕೈಯಲ್ಲಿ ಮೊಳಕ್ಕಿಂತ ಉದ್ದದ ಕೂದಲಿನ ಗೊಂಚಲು ಹಿಡಿದು ನಿಂತಿದ್ದಳು. ಹಣೆಯ ಮೇಲಿನ ಕೂದಲು ಒದ್ದೆ ಇದ್ದಾಗ ಮೂಗಿನವರೆಗೆ ಬರುತ್ತಿತ್ತು. ಒಣಗಿದ ಮೇಲೆ ಹುಬ್ಬಿಗೆ ಏರಿತು. ಅಲೆಅಲೆ ಕೂದಲು ನೋಡಿ, ಸುತ್ತಿಕೊಂಡು ಕೂತುಬಿಟ್ಟಿತು. ಹಿಂದೆ ಸೊಂಟ ದಾಟುತ್ತಿದ್ದದ್ದು ಬ್ಲೌಸಿನ ಅಂಚಿಗೂ ಬರಲಿಲ್ಲ. ಅವತ್ತು ಮಂಗಳವಾರ ಬೇರೆ. ನಮ್ಮತ್ತೆಗೆ ಅಷ್ಟೇ ಸಾಕಾಯಿತು.

ಆಮೇಲೆ ನಾನು ಟೇಪ್ ಹಿಡಿದು ಕೂತೆ. ಎಲ್ಲಿ ತಪ್ಪಿತು ಅಂತ ಗೊತ್ತಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಣೆಯಂಚಿನಿಂದ ನೆತ್ತಿ ಮೇಲೆ ಹಾದು ಕತ್ತಿನ ಕೂದಲಿನ ಬುಡದವರೆಗೆ ಅಳೆದರೆ ಅವಳ ತಲೆ ಹದಿಮೂರು ಇಂಚು. ಜುಟ್ಟನ್ನು ಹಣೆಯಂಚಿಗೆ ಕಟ್ಟಿದಾಗ ಹಿಂದಿನ ಕೂದಲು ಆ ಹದಿಮೂರು ಇಂಚು ಹಾದು ಬ್ಯಾಂಡಿಗೆ ಬರಬೇಕು. ಮುಂದಿನ ಕೂದಲು ಅಲ್ಲೇ ಇದೆ. ಹಾಗಾಗಿ ಒಂದೇ ಏಟಿಗೆ ಕತ್ತರಿಸಿದರೂ ಹಿಂದೆ ಉದ್ದ, ಮುಂದೆ ಗಿಡ್ಡ. ಲೇಯರ್ ಅಂದರೆ ಅಷ್ಟೇ, ಅದರಲ್ಲಿ ಮಂತ್ರವೇನಿಲ್ಲ. ಬ್ಯಾಂಡಿನಿಂದ ಕತ್ತರಿವರೆಗೆ ಎಷ್ಟಿದೆಯೋ ಹಣೆಯ ಕೂದಲು ಅಷ್ಟೇ ಉಳಿಯುತ್ತದೆ. ಗದ್ದಕ್ಕೆ ಬರಬೇಕಾದರೆ ಮೊದಲು ಹಣೆಯಿಂದ ಗದ್ದಕ್ಕೆ ಟೇಪ್ ಹಿಡಿಯಬೇಕು. ಅದರ ಮೇಲೆ ಎರಡು ಇಂಚು ಜಾಸ್ತಿ ಬಿಡಬೇಕು. ಜುಟ್ಟನ್ನು ನೆತ್ತಿಗೆ ಕಟ್ಟಿದರೆ ನೆತ್ತಿಯದು ಗಿಡ್ಡವಾಗುತ್ತದೆ, ಸುತ್ತಲಿನದು ಉದ್ದ ಉಳಿಯುತ್ತದೆ. ಇದನ್ನು ಎರಡು ಸಾಲಲ್ಲಿ ಬರೆಯಬಹುದಿತ್ತು. ನೀವು ಅರ್ಧ ಪುಟ ಫೋಟೋ ಹಾಕಿದ್ದೀರಿ.

ಇನ್ನೊಂದು, ನೀರಿನ ವಿಷಯ. ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿಯೇ ನಾವು ಕತ್ತರಿಸುವುದು, ಯಾಕೆಂದರೆ ಕಾಟನ್ ನೀರಲ್ಲಿ ಕುಗ್ಗುತ್ತದೆ. ಕೂದಲು ಉಲ್ಟಾ. ಒದ್ದೆಯಾದಾಗ ಎಳೆದರೆ ಹಿಗ್ಗುತ್ತದೆ, ಒಣಗಿದರೆ ಮೇಲೇರುತ್ತದೆ. ನೆಟ್ಟಗಿನ ಕೂದಲಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅಲೆ ಇದ್ದವರಲ್ಲಿ ಕಾಣುತ್ತದೆ. ಗುಂಗುರು ಕೂದಲಿನವರಂತೂ ಈ ಜುಟ್ಟಿನ ಕಟ್ ಮುಟ್ಟಲೇಬಾರದು. ಒಂದೊಂದು ಸುರುಳಿ ಒಂದೊಂದು ಥರ ಏರುತ್ತದೆ, ಜುಟ್ಟಲ್ಲಿ ಸಮ ಕಂಡದ್ದು ಬಿಚ್ಚಿದರೆ ಸಮ ಇರುವುದಿಲ್ಲ. ಮತ್ತೆ ಬ್ಲೌಸಿಗಾದರೆ ಒಳಗೆ ಮಾರ್ಜಿನ್ ಬಿಟ್ಟಿರುತ್ತೇವೆ, ಬಿಗಿಯಾದರೆ ಹೊಲಿಗೆ ಬಿಚ್ಚಿ ಬಿಡಿಸಿಕೊಡುತ್ತೇವೆ. ಕೂದಲಿಗೆ ಮಾರ್ಜಿನ್ ಎಲ್ಲಿಂದ ತರೋದು? ಅದು ಬೆಳೆಯುವುದೇ ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಇಂಚು.

ನಿಮ್ಮ ಫೋಟೋದ ಹುಡುಗಿಯರೆಲ್ಲ ಕೂದಲು ಇಳಿಬಿಟ್ಟುಕೊಂಡು ನಗುತ್ತಿರುತ್ತಾರೆ. ನಮ್ಮ ಮಕ್ಕಳು ಸೋಮವಾರ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಸ್ಸಿಗೆ ಓಡುವವರು. ಲೇಯರ್ ಕೂದಲಿಗೆ ಜಡೆ ಹಾಕಿ ನೋಡಿ. ಪ್ರತಿ ಹೆಣಿಗೆಯಿಂದಲೂ ಗಿಡ್ಡ ತುದಿಗಳು ಮುಸುಕಿನ ಜೋಳದ ಕೂದಲ ಹಾಗೆ ಈಚೆ ಬರುತ್ತವೆ. ಮೊದಲೇ ತೆಳ್ಳಗಿದ್ದವರ ಜಡೆ ಕೊನೆಗೆ ಇಲಿಬಾಲ. ಹೂ ಮುಡಿದರೆ ಜಾರುತ್ತದೆ. ಬೇಡ ಅನ್ನುತ್ತಿಲ್ಲ, ಚೆನ್ನಾಗಿಯೇ ಕಾಣುತ್ತದೆ. ಆದರೆ ಕತ್ತರಿಸುವ ಮೊದಲು ಗೊತ್ತಿರಬೇಕು, ಅಲ್ವಾ?

ಮದುವೆಗೆ ಏನು ಮಾಡಿದಿರಿ ಅಂತ ಕೇಳಬಹುದು. ಅದೇ ಪಾರ್ಲರಿಗೇ ಹೋದೆವು. ಆಕೆ ಬೈಯಲಿಲ್ಲ. ಹಣೆಯ ಕೂದಲನ್ನು ಒಣಗಿದಾಗಲೇ ಸ್ವಲ್ಪ ಸ್ವಲ್ಪ ಸರಿಮಾಡಿ ಹಣೆಗೆ ಇಳಿಬಿಟ್ಟಳು. ನಮ್ಮತ್ತೆ ನೋಡಿದವರೇ ‘ಅಯ್ಯೋ, ಸಾಧನಾ ಕಟ್’ ಅಂದರು. ಅರವತ್ತರ ದಶಕದ ಹಿಂದಿ ನಟಿ ಸಾಧನಾ ಅಗಲ ಹಣೆ ಮುಚ್ಚೋದಕ್ಕೆ ಹಾಗೆ ಬಿಟ್ಟುಕೊಂಡಿದ್ದರಂತೆ. ಆಮೇಲೆ ದೇಶದ ಹುಡುಗಿಯರೆಲ್ಲ ಬಿಟ್ಟುಕೊಂಡರು. ನಮ್ಮತ್ತೆಗೂ ಆಸೆ ಇತ್ತಂತೆ. ಮಂಗಳವಾರದ ಮಾತು ಅಲ್ಲಿಗೆ ನಿಂತಿತು.

ಆ ಪಾರ್ಲರಿನಾಕೆ ಹೇಳಿಕೊಟ್ಟದ್ದನ್ನೇ ಈಗ ನಾನು ಮಾಡುತ್ತೇನೆ. ಎಣ್ಣೆ ಇಲ್ಲದ, ಪೂರ್ತಿ ಒಣಗಿದ ಕೂದಲು. ಸಿಕ್ಕು ಬಿಡಿಸಿರಬೇಕು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ಜಾಸ್ತಿ ಇಲ್ಲ, ಬಿಚ್ಚಿ ನೋಡಿಯೇ ಮುಂದಿನದು. ಕತ್ತರಿಯನ್ನು ಅಡ್ಡ ಹಿಡಿಯದೆ ನೆಟ್ಟಗೆ ನಿಲ್ಲಿಸಿ ತುದಿಯನ್ನು ಚೂರುಚೂರೇ ಕತ್ತರಿಸುತ್ತಾ ಹೋದರೆ ಬಾಗಿಲ ಪರದೆಯ ಹಾಗೆ ಗೆರೆ ಬೀಳುವುದಿಲ್ಲ. ಕೂದಲಿಗೆ ಅಂತಲೇ ಬೇರೆ ಸಣ್ಣ ಕತ್ತರಿ ತಂದಿದ್ದೇನೆ. ನನ್ನ ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೇ ಬೈಯುವವಳು ನಾನು. ಅವತ್ತು ಅವಳ ಕೂದಲು ಅದರ ಅಲಗಿನ ನಡುವೆ ಜಾರಿ ಜಾರಿ, ಅಂಕುಡೊಂಕಾಗಿ ಕತ್ತರಿಸಿಹೋಗಿತ್ತು.

ಹಾಗಾಗಿ ಇಂಥದ್ದು ಹಾಕಲೇಬೇಡಿ ಅನ್ನುವುದಿಲ್ಲ. ಹಾಕಿ. ಯಾವ ಥರದ ಕೂದಲಿಗೆ ಅಂತ ಮೇಲೆಯೇ ಬರೆಯಿರಿ. ಒದ್ದೆಯೋ ಒಣಗಿದ್ದೋ ಹೇಳಿ. ಹಿಂದಿನಿಂದ ತೆಗೆದ ಫೋಟೋ ಒಂದಾದರೂ ಇರಲಿ. ದಿನಾ ನಮ್ಮ ಕಡೆಯ ಹೆಣ್ಣುಮಕ್ಕಳ ಕೂದಲು ಕತ್ತರಿಸುವ ಒಬ್ಬರಿಗೆ ಅಚ್ಚಿಗೆ ಹೋಗುವ ಮೊದಲು ತೋರಿಸಿ. ಕಳೆದ ಭಾನುವಾರದ್ದರಲ್ಲೂ ‘ಮೂರು ಇಂಚು ಬಿಟ್ಟು’ ಅಂತಲೇ ಇದೆ. ದಯವಿಟ್ಟು ಮುಂದಿನ ವಾರ ಎಲ್ಲಿಂದ ಅಂತ ಒಂದು ತಿದ್ದುಪಡಿ ಹಾಕಿ.

ಮಗಳ ಮುಂಗೂದಲು ಈಗ ಮೂಗಿನ ತುದಿ ಮುಟ್ಟಿದೆ. ಕಾಲೇಜಿಗೆ ಹೋಗುವಾಗ ಇನ್ನೂ ಎರಡು ಪಿನ್ ಬೇಕು.

ಇಂತಿ,
ನಿಮ್ಮ ಪತ್ರಿಕೆ ದಿನಾ ಓದುವ ಒಬ್ಬ ಟೈಲರ್,
ತಿಪಟೂರು