ಲಿವರ್ ಕ್ಯಾನ್ಸರ್ ಅಂತ ಬೇಳೆ, ಮೊಟ್ಟೆ ನಿಲ್ಲಿಸಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಮಾಟುಂಗಾದಲ್ಲಿ ಸಿಕ್ಕ ನಮ್ಮ ಗುಂಪಿನ ಅಕ್ಕ ಒಬ್ಬರು ಕೇಳಿದರು: "ಲಿವರ್ ಕ್ಯಾನ್ಸರ್ ಪ್ರೋಟೀನ್‌ನಿಂದ ಬೆಳೆಯುತ್ತದಂತೆ. ಯಜಮಾನರಿಗೆ ಬೇಳೆ, ಮೊಟ್ಟೆ ನಿಲ್ಲಿಸಲಾ?"

ಡಾಕ್ಟರ್ ಹೇಳದೆ ದಯವಿಟ್ಟು ನಿಲ್ಲಿಸಬೇಡಿ. ಲಿವರ್ ಕಾಯಿಲೆಯಲ್ಲಿ ಮೈ ಬೇಗ ಸೊರಗುತ್ತದೆ, ಊಟದ ಪ್ರೋಟೀನ್ ಬೇಕು. ಕ್ಯಾನ್ಸರ್ ಬಗ್ಗೆ ಹೇಳುವ ಪ್ರೋಟೀನ್‌ಗಳೇ ಬೇರೆ. ಅವು ಜೀವಕೋಶದೊಳಗೇ ತಯಾರಾಗುತ್ತವೆ. ಪಿ53 ಎಂಬುದು ಹಾಳಾದ ಜೀವಕೋಶ ಬೆಳೆಯದಂತೆ ಕಾಯುತ್ತದೆ. ಲಿವರ್ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಹೆಪಟೈಟಿಸ್ ಬಿ ವೈರಸ್‌ನ ಎಕ್ಸ್ ಪ್ರೋಟೀನ್ ಈ ಕಾವಲಿಗೇ ಅಡ್ಡಿ ಮಾಡುತ್ತದೆ. ಇನ್ನು ಗಡ್ಡೆ, ವಿಇಜಿಎಫ್ ಎಂಬ ಪ್ರೋಟೀನ್ ಬಿಟ್ಟು ಹೊಸ ರಕ್ತನಾಳಗಳನ್ನು ತನ್ನ ಕಡೆಗೆ ಬೆಳೆಸಿಕೊಳ್ಳುತ್ತದೆ. ಅದನ್ನು ತಡೆಯುವ ಬೆವಾಸಿಝುಮ್ಯಾಬ್ ಎಂಬ ಔಷಧವನ್ನು ಅಟೆಝೊಲಿಝುಮ್ಯಾಬ್ ಎಂಬ ಇನ್ನೊಂದು ಔಷಧದ ಜೊತೆ ಲಿವರ್ ಕ್ಯಾನ್ಸರ್‌ಗೆ ಕೊಡಲು ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನೊಂದು ಮಾತು. ಲಿವರ್ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ನೋಡುವ ಎಎಫ್‌ಪಿ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ. ಅದೂ ಒಂದು ಪ್ರೋಟೀನೇ, ಆದರೆ ಸಣ್ಣ ಗಡ್ಡೆ ಇದ್ದರೂ ಎಷ್ಟೋ ಸಲ ಏರುವುದಿಲ್ಲ. ಸಿರೋಸಿಸ್ (ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವ ಕಾಯಿಲೆ) ಇದ್ದವರು 6 ತಿಂಗಳಿಗೊಮ್ಮೆ ಸೋನೋಗ್ರಫಿಯನ್ನೂ ಮಾಡಿಸಬೇಕು.

ಮನೆಯಲ್ಲಿ ಪಾಪು ಹುಟ್ಟಿದರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದಾರಾ, ಕೇಳಿಕೊಳ್ಳಿ.

ಡೊಂಬಿವಲಿ, ಠಾಣೆ ಕಡೆಯಿಂದ ಪರೇಲ್‌ನ ಆಸ್ಪತ್ರೆಗೆ ರಿಪೋರ್ಟ್ ತೋರಿಸಲು ಹೋಗುವವರಿಗೆ ಜೊತೆ ಬೇಕಿದ್ದರೆ ಇಲ್ಲೇ ಬರೆಯಿರಿ. ನಾನು ಬರುತ್ತೇನೆ.