ನಮ್ಮೂರ ತಂಟೆಕೋರ ಎಂಪಿ

ಎಲ್ಲರಿಗೂ ನಮಸ್ಕಾರ. ಅಟ್ಲಾಂಟಾದ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಚಿಕೆ ಹನ್ನೆರಡು ದಿನ ಲೇಟಾಯ್ತು, ಬೈಕೋಬೇಡಿ. ಪಿಕ್ನಿಕ್ ಫೋಟೋ ಕಳ್ಸಿ ಕಳ್ಸಿ ಅಂತ ವಾಟ್ಸಾಪ್ ಗ್ರೂಪಲ್ಲಿ ಕೇಳಿ ಕೇಳಿ ಸಾಕಾಯ್ತು, ಕೊನೆಗೆ ಬಂದಿದ್ರಲ್ಲಿ ಅರ್ಧಕ್ಕರ್ಧ ಹೋಳಿಗೆ ತಟ್ಟೆ ಫೋಟೋನೇ. ಸಂಪಾದಕೀಯಕ್ಕೆ ನಾನು ಮೊದ್ಲು ಬರೆದಿಟ್ಟಿದ್ದು ಕನ್ನಡ ಶಾಲೆ ಅಡ್ಮಿಷನ್ ಬಗ್ಗೆ, ಅದನ್ನ ಮುಂದಿನ ಸಲಕ್ಕೆ ಇಟ್ಟು ಇದನ್ನ ಹಾಕ್ತಿದೀನಿ. ಯಾಕಂದ್ರೆ ಬ್ಲ್ಯಾಕ್ ಜನರ ಹಕ್ಕಿಗೆ ಹೋರಾಡಿದ ನಮ್ಮೂರ ಎಂಪಿ (ಇಲ್ಲಿ ಕಾಂಗ್ರೆಸ್‌ಮನ್ ಅಂತಾರೆ) ಜಾನ್ ಲೂಯಿಸ್ ತೀರ್ಕೊಂಡು 2025ರ ಜುಲೈ 17ಕ್ಕೆ ಐದು ವರ್ಷ ಆಯ್ತು, ಅವತ್ತು ನಮ್ಮ ಆಫೀಸಲ್ಲಿ ಆದ ಮಾತು ಇನ್ನೂ ತಲೆಯಿಂದ ಇಳೀತಿಲ್ಲ.

ನಮ್ಮ ಟೀಮಲ್ಲಿ ಒಬ್ರು ಹಿರಿಯರಿದಾರೆ, ಎಪ್ಪತ್ತರ ಹತ್ರ ವಯಸ್ಸು, ರಿಟೈರ್ ಆಗಿ ಮನೇಲಿ ಕೂರಕ್ಕಾಗ್ದೆ ವಾರಕ್ಕೆ ಮೂರು ದಿನ ಬರ್ತಾರೆ, ಬ್ಲ್ಯಾಕ್, ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಅಟ್ಲಾಂಟಾದಲ್ಲೇ. ಹೆಸರು ಹಾಕ್ಬೇಡ ಅಂದಿದಾರೆ, ಹಾಕಲ್ಲ. ಅವತ್ತು ನೀಲಿ ಕೋಟು ಬಿಳಿ ಶರ್ಟಲ್ಲಿ ಬಂದಿದ್ರು. ಈ ಊರಿನ ಜುಲೈ ಸೆಕೆ ನಿಮಗೇ ಗೊತ್ತು, ಇದೇನ್ ಸಾರ್ ಈ ಬಿಸಿಲಲ್ಲಿ ಕೋಟು ಅಂದ್ರೆ, ‘ಇವತ್ತು ನನ್ನ ಬ್ರದರ್ ಹೋದ ದಿನ’ ಅಂದ್ರು. ಅಣ್ಣನೋ ತಮ್ಮನೋ ಇರ್ಬೇಕು ಅಂದ್ಕೊಂಡು ನಾನು ಅಯ್ಯೋ ಸಾರಿ ಸಾರಿ ಅಂತ ಪೇಚಾಡಿದೆ. ಅವರು ನಕ್ಬಿಟ್ಟು, ಒಡಹುಟ್ಟಿದೋನಲ್ಲ ಕಣಪ್ಪ, ಜಾನ್ ಲೂಯಿಸ್, ನಾವಿಬ್ರೂ ಒಂದೇ ಫ್ರಟರ್ನಿಟಿ (ಕಾಲೇಜುಗಳಲ್ಲಿ ಹುಡುಗರು ಕಟ್ಕೊಳೋ ಸಂಘ) ಅಂದ್ರು.

ನಾನು ಇಲ್ಲಿಗೆ ಬಂದಿದ್ದು 1998ರಲ್ಲಿ, ವೈಟೂಕೆ ಸೀಸನ್, ಅಂದ್ರೆ 2000ನೇ ಇಸವಿ ಬಂದ್ರೆ ಕಂಪ್ಯೂಟರ್ ಕೆಡುತ್ತೆ ಅಂತ ಎಲ್ಲರೂ ಹೆದರಿದ್ದ ಕಾಲ. ಇಷ್ಟು ವರ್ಷದಲ್ಲಿ ಫ್ರಟರ್ನಿಟಿ ಅಂದ್ರೆ ನನ್ನ ಮನಸ್ಸಿಗೆ ಬರ್ತಿದ್ದಿದ್ದು ಕಾಲೇಜು ಹುಡುಗರು ಕುಡ್ದು ಗಲಾಟೆ ಮಾಡೋ ಮನೆ, ಅಷ್ಟೇ. ನನ್ನ ಮಗ ಕಾಲೇಜಿಗೆ ಸೇರ್ದಾಗ ಅದೊಂದಕ್ಕೆ ಮಾತ್ರ ಸೇರ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಇವರದ್ದು ಬೇರೆ ಕಥೆ. ಬಿಳಿಯರ ಫ್ರಟರ್ನಿಟಿಗಳು ಬ್ಲ್ಯಾಕ್ ಹುಡುಗರನ್ನ ಬಾಗಿಲಲ್ಲೇ ನಿಲ್ಲಿಸ್ತಿದ್ದ ಕಾಲದಲ್ಲಿ ಅವರೇ ಕಟ್ಕೊಂಡಿದ್ದು ಇವು. ಲೂಯಿಸ್ ಇದ್ದಿದ್ದು ಫೈ ಬೀಟಾ ಸಿಗ್ಮಾ, 1914ರ ಜನವರಿ 9ಕ್ಕೆ ವಾಷಿಂಗ್ಟನ್ನಿನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಮೂರು ಜನ ಶುರು ಮಾಡಿದ್ದು, ಬಣ್ಣ ನೀಲಿ ಬಿಳಿ. ಡಿಗ್ರಿ ಮುಗೀತು ಬೈ ಬೈ ಅನ್ನೋ ಲೆಕ್ಕ ಇಲ್ಲ, ಸಾಯೋವರೆಗೂ ಮೆಂಬರ್ರೇ, ಕಷ್ಟಕ್ಕೆ ಸುಖಕ್ಕೆ ಬರ್ಬೇಕು, ಊರ ಕೆಲಸಕ್ಕೆ ಹೆಗಲು ಕೊಡ್ಬೇಕು. ನಮ್ಮ ಕಡೆ ಮಠದ ಫ್ರೀ ಹಾಸ್ಟೆಲಲ್ಲಿ ಒಟ್ಟಿಗೆ ಪ್ರಸಾದ ಉಂಡು ಓದಿದವರು ಮುದುಕರಾದ್ರೂ ಒಬ್ರಿಗೊಬ್ರು ಏನೋ ಆಗ್ತಾರಲ್ಲ, ಹೆಚ್ಚೂ ಕಮ್ಮಿ ಹಾಗೆ ಅಂತ ಇಟ್ಕೊಳಿ. ಯಾರಾದ್ರೂ ತೀರ್ಕೊಂಡ್ರೆ ‘ಒಮೆಗಾ ಚಾಪ್ಟರ್ ಸೇರಿದ್ರು’ ಅಂತಾರಂತೆ. ನಾನು ಹಾವೇರಿ ಕಡೆಯವನು, ನಮ್ಮಲ್ಲಿ ಲಿಂಗೈಕ್ಯ ಅಂತಾರೆ ಅಂದೆ. ಅದನ್ನ ಅವರಿಗೆ ವಿವರಿಸೋಕೆ ಒಂದು ಲಂಚ್ ಟೈಮೇ ಹೋಯ್ತು.

ಜಾನ್ ಲೂಯಿಸ್ ಹೆಸರು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ, ಆದ್ರೆ ಗೊತ್ತಿರೋದು ಹೇಗೆ? ಡೌನ್‌ಟೌನ್ ಕನೆಕ್ಟರ್ ಹೈವೇಲಿ ಟ್ರಾಫಿಕ್ ಜಾಮಾದಾಗ ಆಬರ್ನ್ ಅವೆನ್ಯೂ ಕಡೆ ಗೋಡೆ ಮೇಲೆ ‘ಹೀರೋ’ ಅಂತ ಬರೆದು ಅಷ್ಟೆತ್ತರ ಬಿಡಿಸಿರೋ ಚಿತ್ರ ಕಾಣುತ್ತಲ್ಲ, ಅವರು. ನನ್ನ ಮಗಳು ಚಿಕ್ಕೋಳಿದ್ದಾಗ ಯಾರಪ್ಪ ಅದು ಅಂತ ಕೇಳಿದ್ಲು, ಯಾರೋ ಎಂಪಿ ಕಣಮ್ಮ ಅಂದು ಲೇನ್ ಚೇಂಜ್ ಮಾಡಿದ್ದೆ. ನಿಜ ಹೇಳ್ಬೇಕಂದ್ರೆ 2020ರವರೆಗೂ ನನ್ನ ತಿಳುವಳಿಕೆ ಅಷ್ಟೇ. 1987ರಿಂದ ಸಾಯೋವರೆಗೂ ಅಟ್ಲಾಂಟಾದಿಂದ ಗೆದ್ದು ಬರ್ತಾನೇ ಇದ್ರು, ನಮ್ಮ ಪಾಲಿಗೆ ಅವರು ಒಂದು ರಸ್ತೆ ಹೆಸರು.

ಅಲಬಾಮಾದ ಟ್ರಾಯ್ ಅನ್ನೋ ಊರ ಹತ್ರ 1940ರಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಬೇರೆಯವರ ಹೊಲ ಪಾಲಿಗೆ ಮಾಡ್ತಿದ್ದವರು, ಹತ್ತಿ ಬಿಡಿಸೋದು ಮಕ್ಕಳ ಕೆಲಸ. 1944ರಲ್ಲಿ ಅಪ್ಪ 300 ಡಾಲರ್ ಕೂಡಿಟ್ಟು 110 ಎಕರೆ ಕೊಂಡ್ರು. ಈ ಹುಡುಗನಿಗೆ ಕೋಳಿ ನೋಡ್ಕೊಳೋ ಕೆಲಸ, ಕೋಳಿಗಳನ್ನ ಕೂರಿಸ್ಕೊಂಡು ಪಾದ್ರಿ ಥರ ಪ್ರವಚನ ಮಾಡ್ತಿದ್ನಂತೆ, ಸತ್ತ ಕೋಳಿಗೆ ಪ್ರಾರ್ಥನೆ ಮಾಡಿ ಮಣ್ಣು ಮಾಡ್ತಿದ್ನಂತೆ. ಹದಿನಾರನೇ ವಯಸ್ಸಲ್ಲಿ ಊರ ಲೈಬ್ರರಿಗೆ ಕಾರ್ಡ್ ಮಾಡಿಸ್ಕೊಳೋಕೆ ಹೋದ್ರೆ ಇದು ಬಿಳಿಯರಿಗೆ ಮಾತ್ರ ಅಂದು ವಾಪಸ್ ಕಳ್ಸಿದ್ರು. ಆ ಕಾರ್ಡು ಸಿಕ್ಕಿದ್ದು 1998ರಲ್ಲಿ, ಅಷ್ಟೊತ್ತಿಗೆ ಅವರೇ ಪುಸ್ತಕ ಬರೆದು ಅದೇ ಲೈಬ್ರರೀಲಿ ಸೈನ್ ಹಾಕೋಕೆ ಹೋಗಿದ್ರು.

ಬಿಳಿಯರಿಗೆ ಮಾತ್ರ ಅಂತ ಬೋರ್ಡ್ ಇದ್ರೆ ಸುಮ್ನೆ ದೂರ ಇರಪ್ಪ, ತಂಟೆಗೆ ಹೋಗ್ಬೇಡ ಅಂತ ಮನೆಯವರ ಬುದ್ಧಿವಾದ. ನಮ್ಮ ಮನೆಗಳಲ್ಲಿ ಹೇಳೋದೂ ಅದೇ ತಾನೆ, ಊರ ಉಸಾಬರಿ ನಿಂಗ್ಯಾಕೆ, ಓದ್ಕೊಂಡು ಇರು. ಅವರು ಅದನ್ನ ತಿರುಗಿಸಿ ಜೀವನಪೂರ್ತಿ ಹೇಳ್ಕೊಂಡು ಬಂದಿದ್ದು ‘ಗುಡ್ ಟ್ರಬಲ್’, ಒಳ್ಳೇ ತಂಟೆ ಮಾಡಿ ಅಂತ.

ಓದೋಕೆ ನ್ಯಾಶ್‌ವಿಲ್‌ಗೆ ಹೋದಾಗ ಅಲ್ಲಿ ಸಿಕ್ಕಿದ್ದು ಜೇಮ್ಸ್ ಲಾಸನ್ ಅಂತ. ಈ ಲಾಸನ್ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಲ್ಲಿ ಮೂರು ವರ್ಷ ಇದ್ದು ಗಾಂಧಿ ವಿಚಾರ ಕಲ್ತು 1956ರಲ್ಲಿ ವಾಪಸ್ ಬಂದವರು. ನ್ಯಾಶ್‌ವಿಲ್‌ನ ಒಂದು ಚರ್ಚಲ್ಲಿ ಹುಡುಗರಿಗೆ ಸತ್ಯಾಗ್ರಹದ ಟ್ರೈನಿಂಗ್ ಕೊಡ್ತಿದ್ರು. ಟ್ರೈನಿಂಗ್ ಅಂದ್ರೆ ಭಾಷಣ ಅಲ್ಲ, ಒಬ್ಬ ಕುರ್ಚಿ ಮೇಲೆ ಕೂರೋದು, ಉಳಿದವರು ಅವನ ಮುಖಕ್ಕೆ ಸಿಗರೇಟ್ ಹೊಗೆ ಬಿಡೋದು, ಬಾಯಿಗೆ ಬಂದ ಹಾಗೆ ಬಯ್ಯೋದು, ಕೆಳಗೆ ಬೀಳಿಸೋದು, ಅವನು ತಿರುಗಿ ಕೈ ಎತ್ತಬಾರದು. ಆಮೇಲೆ 1960ರ ಫೆಬ್ರವರಿಯಲ್ಲಿ ಅಂಗಡಿಗಳ ಲಂಚ್ ಕೌಂಟರ್‌ಗಳಲ್ಲಿ ಹೋಗಿ ಕೂತ್ರು. ಸಾಮಾನು ಕೊಳ್ಳೋಕೆ ಬ್ಲ್ಯಾಕ್ ಜನರ ದುಡ್ಡು ಆಗುತ್ತೆ, ಅಲ್ಲೇ ಕೂತು ಒಂದು ಕಾಫಿ ಕುಡಿಯೋ ಹಾಗಿಲ್ಲ. ಏನು ಮಾಡ್ಬೇಕು ಏನು ಮಾಡ್ಬಾರ್ದು ಅಂತ ಲೂಯಿಸ್ ಒಂದು ಪಟ್ಟಿ ತಯಾರ್ ಮಾಡಿ ಹಂಚಿದ್ರಂತೆ: ತಿರುಗಿ ಹೊಡೀಬೇಡ, ತಿರುಗಿ ಬೈಬೇಡ, ಜೋರಾಗಿ ನಗ್ಬೇಡ, ನೆಟ್ಟಗೆ ಕೂತ್ಕೊ, ಮುಖ ಕೌಂಟರ್ ಕಡೆನೇ ಇರ್ಲಿ. ಜೈಲಿಗೆ ಹೋಗೋದಾದ್ರೆ ಲಕ್ಷಣವಾಗಿ ಹೋಗೋಣ ಅಂತ ಐದು ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ಸೂಟು ಬೇರೆ ತಗೊಂಡಿದ್ರು. ಫೆಬ್ರವರಿ 27ಕ್ಕೆ ಮೊದಲ ಅರೆಸ್ಟು, ವಯಸ್ಸು ಇಪ್ಪತ್ತು.

ಇದನ್ನೆಲ್ಲ ಆ ಹಿರಿಯರು ಹೇಳ್ತಿದ್ರೆ ನಾನು ಒಂದು ಕಡೆ ಸುಮ್ಮನಾಗ್ಬಿಟ್ಟೆ. ನಿಮ್ಮ ದೇಶದಲ್ಲಿ ಗಾಂಧಿ ಇದ್ರು, ನಿಮಗೆ ಇದೆಲ್ಲ ಗೊತ್ತಿರುತ್ತೆ ಬಿಡು ಅಂದ್ರು ಪಾಪ. ದಂಡಿ ಯಾತ್ರೇಲಿ ಗಾಂಧಿ ಜೊತೆ ನಡೆದ ಮೈಲಾರ ಮಹದೇವಪ್ಪ ನಮ್ಮ ಹಾವೇರಿ ಕಡೆಯವರೇ, ಮೋಟೆಬೆನ್ನೂರು, ಅದನ್ನ ಜಂಬದಿಂದ ಹೇಳಿದೆ. ಹೇಳದೆ ಉಳಿಸ್ಕೊಂಡಿದ್ದು ಇನ್ನೊಂದು. ನಾನು ಚಿಕ್ಕೋನಿದ್ದಾಗ ನಮ್ಮೂರ ಬಸ್ ಸ್ಟ್ಯಾಂಡ್ ಹತ್ರದ ಚಾ ಅಂಗಡೀಲಿ ಕೇರಿಯವರಿಗೆ ಲೋಟ ಬೇರೆ ಇತ್ತು, ಹೊರಗೆ ಗೋಡೆ ಗೂಡಲ್ಲಿ ಬೋರಲು ಹಾಕಿರೋರು, ಅವರೇ ತೊಳ್ಕೊಂಡು ಚಾ ಹೊಯ್ಸ್ಕೊಂಡು ನಿಂತೇ ಕುಡಿದು ಮತ್ತೆ ತೊಳೆದು ಅಲ್ಲೇ ಇಡ್ಬೇಕು. ನನ್ನ ಕ್ಲಾಸ್‌ಮೇಟ್ ಅಪ್ಪ ಹಾಗೆ ನಿಂತು ಕುಡಿಯೋವಾಗ ನಾನು ಒಳಗೆ ಬೆಂಚ್ ಮೇಲೆ ಕೂತು ಮಿರ್ಚಿ ತಿಂದಿದೀನಿ, ಅವತ್ತು ನಂಗೆ ಏನೂ ಅನ್ನಿಸಿರ್ಲಿಲ್ಲ. ಅಟ್ಲಾಂಟಾದಲ್ಲಿ ಎಸಿ ರೂಮಲ್ಲಿ ಕೂತು ಈಗ ಅನ್ನಿಸ್ತಿದೆ. ಅದೂ ಒಂದು ಲಂಚ್ ಕೌಂಟರ್ರೇ, ನಾನು ಕೂತಿದ್ದು ಒಳಗಡೆ. ಮಾರನೇ ದಿನ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ಅಲ್ಲಿ ಯಾರೂ ಹೋಗಿ ಕೂತ್ಕೊಳ್ಳಿಲ್ವಾ ಅಂತ ಕೇಳಿದ್ರು. ಆಮೇಲಾಮೇಲೆ ಕೂತ್ರು, ದಲಿತ ಸಂಘರ್ಷ ಸಮಿತಿ ಹುಡುಗರು ಊರೂರಲ್ಲಿ ಎದ್ದು ನಿಂತ್ರು, ನಾನು ಅಷ್ಟೊತ್ತಿಗೆ ಇಂಜಿನಿಯರಿಂಗ್ ಸೀಟಿನ ಹಿಂದೆ ಬಿದ್ದಿದ್ದೆ ಅಂದೆ.

ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತು, ಬೇಗ ಹೇಳ್ತೀನಿ. 1961ರಲ್ಲಿ ಬ್ಲ್ಯಾಕ್ ಬಿಳಿ ಜನ ಬಸ್ಸಲ್ಲಿ ಒಟ್ಟಿಗೆ ಕೂತು ಹೋಗೋ ‘ಫ್ರೀಡಂ ರೈಡ್’ ಚಳವಳಿಗೆ ಹೋಗಿ ಎರಡೆರಡು ಊರಲ್ಲಿ ಹೊಡೆಸ್ಕೊಂಡ್ರು. 1963ರ ಆಗಸ್ಟ್ 28ಕ್ಕೆ ವಾಷಿಂಗ್ಟನ್ ಮೆರವಣಿಗೇಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಅದೇ ವೇದಿಕೆ ಮೇಲೆ ಎಲ್ಲರಿಗಿಂತ ಚಿಕ್ಕವರು ಇವರು, 23 ವಯಸ್ಸು. ಲೂಯಿಸ್ ತಮ್ಮ ಭಾಷಣದ ಮೊದಲ ಕರಡಲ್ಲಿ, ಶೆರ್ಮನ್ ದಂಡೆತ್ತಿ ಬಂದ ಹಾಗೆ ನಾವೂ ದಕ್ಷಿಣದ ಎದೆ ಮೇಲೆ ನಡ್ಕೊಂಡು ಬರ್ತೀವಿ ಅಂತ ಬರೆದಿದ್ರು. ಶೆರ್ಮನ್ ಅಂದ್ರೆ 1864ರಲ್ಲಿ ನಮ್ಮ ಈ ಅಟ್ಲಾಂಟಾನೇ ಸುಟ್ಟ ಜನರಲ್. ದೊಡ್ಡವರೆಲ್ಲ ಗಾಬರಿಯಾದ್ರು. ಕೊನೆಗೆ 74 ವರ್ಷದ ಎ. ಫಿಲಿಪ್ ರ್‍ಯಾಂಡಾಲ್ಫ್, ಆ ಮೆರವಣಿಗೆಯ ಯಜಮಾನರು, ಈ ದಿನಕ್ಕೆ ವರ್ಷಾನುಗಟ್ಟಲೆ ಕಾದಿದೀನಪ್ಪ ಕೆಡಿಸ್ಬೇಡ ಅಂತ ಕೇಳ್ಕೊಂಡ್ಮೇಲೆ ಆ ಸಾಲು ತೆಗೆದ್ರು. ರ್‍ಯಾಂಡಾಲ್ಫ್ ಕೂಡ ಸಿಗ್ಮಾನೇ ಅಂತ ನಮ್ಮ ಹಿರಿಯರು ಬೆರಳು ಮಡಚಿದ್ರು. ಕಡಲೆಕಾಯಿ ವಿಜ್ಞಾನಿ ಕಾರ್ವರ್ ಇನ್ನೊಂದು ಬೆರಳು. ಮೂರನೇ ಬೆರಳು ಹೊಸಿಯಾ ವಿಲಿಯಮ್ಸ್.

1965ರ ಮಾರ್ಚ್ 7, ಅಲಬಾಮಾದ ಸೆಲ್ಮಾ ಊರಿನ ಸೇತುವೆ. ಓಟಿನ ಹಕ್ಕಿಗೋಸ್ಕರ ಸುಮಾರು 600 ಜನ ಜೋಡಿ ಜೋಡಿಯಾಗಿ ನಡ್ಕೊಂಡು ಹೊರಟ್ರು, ಮುಂದೆ ಇದ್ದ ಜೋಡಿ ಲೂಯಿಸ್ ಮತ್ತೆ ಹೊಸಿಯಾ ವಿಲಿಯಮ್ಸ್. ಜೈಲಿಗೆ ಹಾಕ್ತಾರೆ ಅಂತ ಗ್ಯಾರಂಟಿ ಇದ್ದಿದ್ರಿಂದ ಲೂಯಿಸ್ ಬೆನ್ನಿಗೆ ಬ್ಯಾಗ್ ಹಾಕ್ಕೊಂಡಿದ್ರು, ಅದ್ರಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಟೂತ್‌ಬ್ರಷ್, ಪೇಸ್ಟು. ನನಗೆ ಈ ಟೂತ್‌ಬ್ರಷ್ಷೇ ಕಣ್ಮುಂದೆ ಬರುತ್ತೆ. ಪೊಲೀಸರು ತಲೆಬುರುಡೆ ಬಿರಿಯೋ ಹಾಗೆ ಹೊಡೆದ್ರು, ಟಿವಿಯಲ್ಲಿ ದೇಶವೆಲ್ಲ ನೋಡ್ತು, ಆಗಸ್ಟ್ 6ಕ್ಕೆ ವೋಟಿಂಗ್ ರೈಟ್ಸ್ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು.

ಎರಡು ತಿಂಗಳೂ ಆಗಿಲ್ಲ, ಅಕ್ಟೋಬರ್ 3ಕ್ಕೆ ಅದೇ ಜಾನ್ಸನ್ ಹೊಸ ಇಮಿಗ್ರೇಷನ್ ಕಾಯ್ದೆಗೆ ಸಹಿ ಹಾಕಿದ್ರು. ಅದಕ್ಕೆ ಮುಂಚೆ ಇಂಡಿಯಾಕ್ಕೆ ಇದ್ದ ಕೋಟಾ ಎಷ್ಟು ಗೊತ್ತಾ, ವರ್ಷಕ್ಕೆ 100 ಜನ. ಬೇಳೂರು ಬೀದರು ಮದ್ರಾಸು ಪಂಜಾಬು ಎಲ್ಲಾ ಸೇರಿ ನೂರು. ಹೊಸ ಕಾಯ್ದೇಲಿ ಒಂದು ದೇಶಕ್ಕೆ 20,000ವರೆಗೂ ಆಯ್ತು. ಹುಟ್ಟಿದ ದೇಶ ಬಣ್ಣ ನೋಡಿ ಬಾಗಿಲು ಹಾಕೋದು ಸರಿಯಲ್ಲ ಅನ್ನೋ ಮಾತು ಆ ಗಳಿಗೇಲಿ ಪಾರ್ಲಿಮೆಂಟಲ್ಲಿ ನಡೆದಿದ್ದು ಬೀದೀಲಿ ಇವರೆಲ್ಲ ಏಟು ತಿಂದಿದ್ದಕ್ಕೆ. ನಾವು ಜಿಆರ್‌ಇ ಬರೆದು ಮೆರಿಟ್ ಮೇಲೆ ಬಂದ್ವಿ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತೀವಿ, ಬರೆದಿದ್ದು ನಿಜ, ಬಾಗಿಲು ತೆಗೆದಿದ್ದು ನಾವಲ್ಲ.

ಇನ್ನೂ ಹತ್ರದ್ದು ಹೇಳ್ತೀನಿ ಕೇಳಿ. ನಮ್ಮಲ್ಲಿ ಎಷ್ಟೊಂದು ಜನ ಈಗ ಕಮ್ಮಿಂಗ್ ಕಡೆ ಮನೆ ಮಾಡಿದೀವಿ, ಒಳ್ಳೇ ಸ್ಕೂಲು ಅಂತ. ಆ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸಾವಿರಕ್ಕೂ ಹೆಚ್ಚು ಬ್ಲ್ಯಾಕ್ ಜನರನ್ನ ಮನೆ ಹೊಲ ಬಿಡಿಸಿ ಓಡಿಸಿದ್ರು, ಆಮೇಲೆ ದಶಕಗಟ್ಟಲೆ ಒಬ್ಬರನ್ನೂ ಇರೋಕೆ ಬಿಡ್ಲಿಲ್ಲ. 1987ರ ಜನವರಿಯಲ್ಲಿ ಅಲ್ಲಿಗೆ ಮೆರವಣಿಗೆ ಹೋದಾಗ ಕಲ್ಲು ಬಾಟ್ಲಿ ತೂರಿದ್ರು. ಮುಂದಿನ ವಾರ ಸುಮಾರು 20,000 ಜನ ಹೋದ್ರು, ನ್ಯಾಷನಲ್ ಗಾರ್ಡ್ ಕಾವಲಲ್ಲಿ. ಕರ್ಕೊಂಡು ಹೋಗಿದ್ದು ಯಾರು, ಅದೇ ಹೊಸಿಯಾ ವಿಲಿಯಮ್ಸ್, ಸೇತುವೆ ಮೇಲಿನ ಜೋಡಿ. ಅಲ್ಲಿ ಇವತ್ತು ನಾವು ಸೀರೆ ಪಂಚೆ ಉಟ್ಕೊಂಡು ರಸ್ತೆ ದಾಟಿ ಗೃಹಪ್ರವೇಶಕ್ಕೆ ಹೋಗ್ತೀವಿ, ಯಾರೂ ಏನೂ ಅನ್ನಲ್ಲ. ನಮ್ಮ ಹಿರಿಯರು ಇದನ್ನ ಹೇಳಿದ್ದು ಕೊಂಕಿಲ್ಲದೆ, ಆ ಕಡೆ ದೋಸೆ ಎಲ್ಲಿ ಚೆನ್ನಾಗಿ ಸಿಗುತ್ತೆ ಅಂತ ಕೇಳೋವಾಗ ಮಾತಿಗೆ ಮಾತು ಬಂದು. ನಾನೇ ಮನೆಗೆ ಬರೋ ದಾರಿ ಪೂರ್ತಿ ರೇಡಿಯೋ ಹಾಕ್ದೆ ಡ್ರೈವ್ ಮಾಡ್ದೆ.

ಲೂಯಿಸ್ ಎಂಪಿ ಆದ್ಮೇಲೂ ತಂಟೆ ಬಿಡ್ಲಿಲ್ಲ, ಅಷ್ಟು ವಯಸ್ಸಾಗಿದ್ರೂ ಅರೆಸ್ಟಾಗೋರು, 2013ರಲ್ಲಿ ಆಗಿದ್ದು ಇಮಿಗ್ರೇಷನ್ ಸುಧಾರಣೆಗೋಸ್ಕರ, ಅಂದ್ರೆ ನಮ್ಮಂಥವರಿಗೋಸ್ಕರ. 2016ರಲ್ಲಿ ಬಂದೂಕು ಕಾನೂನು ಬೇಕು ಅಂತ ಪಾರ್ಲಿಮೆಂಟ್ ನೆಲದ ಮೇಲೇ ಕೂತ್ಬಿಟ್ರು. ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಬೇಕು ಅಂತ 1988ರಲ್ಲಿ ಹಾಕಿದ ಮಸೂದೇನ ಮತ್ತೆ ಮತ್ತೆ ಹಾಕ್ತಾನೇ ಇದ್ರು, 2003ಕ್ಕೆ ಪಾಸಾಯ್ತು. ನಮ್ಮ ಸಂಘದ ಬೈಲಾ ತಿದ್ದುಪಡಿ ಎರಡು ಮೀಟಿಂಗಲ್ಲಿ ಆಗ್ಲಿಲ್ಲ ಅಂತ ಬೇಜಾರಾಗಿ ರಾಜೀನಾಮೆ ಕೊಟ್ಟವರು ನಾನು ಸೇರಿ ಮೂರು ಜನ.

2020ರ ಜುಲೈ 17, ಪ್ಯಾಂಕ್ರಿಯಾಸ್ ಕ್ಯಾನ್ಸರ್, 80 ವರ್ಷ. ಅವರದೇ ಚಳವಳಿಯ ಸಿ.ಟಿ. ವಿವಿಯನ್ ಕೂಡ ಅವತ್ತೇ ಹೋದ್ರು. 29ಕ್ಕೆ ಲೂಯಿಸ್ ದೇಹಾನ ಚಿನ್ನದ ಗುಮ್ಮಟದ ನಮ್ಮ ಕ್ಯಾಪಿಟಲಲ್ಲಿ, ಅಂದ್ರೆ ಇಲ್ಲಿನ ವಿಧಾನಸೌಧದಲ್ಲಿ, ಇಟ್ಟಾಗ ಸಿಗ್ಮಾದವರು ತಮ್ಮ ಪದ್ಧತಿ ಪ್ರಕಾರ ಬೀಳ್ಕೊಟ್ರು. ನಮ್ಮ ಹಿರಿಯರು ಮಾಸ್ಕ್ ಹಾಕ್ಕೊಂಡು ಹೊರಗಡೆ ಸಾಲಲ್ಲಿ ನಿಂತಿದ್ರಂತೆ, ಅವತ್ತೂ ಇದೇ ಕೋಟು. ಹತ್ರ ನಿಂತು ಹಾಡಕ್ಕಾಗ್ಲಿಲ್ಲ, ಕೋವಿಡ್ಡಲ್ವಾ ಅಂದು ಕನ್ನಡಕ ಒರೆಸ್ಕೊಂಡ್ರು.

ಹೋದ ಶನಿವಾರ ಪಟೇಲ್ ಪ್ಲಾಜಾಗೆ ಅಂತ ಡಿಕೇಟರ್ ಕಡೆ ಹೋದವನು ಹಾಗೇ ಕೋರ್ಟ್‌ಹೌಸ್ ಸ್ಕ್ವೇರ್‌ಗೂ ಹೋದೆ. ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ಕಾನ್ಫೆಡರೇಟ್ ಕಡೆಯವರ ನೆನಪಿಗೆ 1908ರಲ್ಲಿ ನಿಲ್ಲಿಸಿದ್ದ ಕಲ್ಲುಕಂಬ ಇತ್ತಲ್ಲ, ಅದನ್ನ 2020ರ ಜೂನಲ್ಲಿ ಕಿತ್ತು, ಅಲ್ಲೇ ಹೋದ ವರ್ಷ ಲೂಯಿಸ್ ಕಂಚಿನ ಪ್ರತಿಮೆ ನಿಲ್ಲಿಸಿದಾರೆ, 12 ಅಡಿ, ಕೈ ಎದೆ ಮೇಲೆ. ನನ್ನ ಕೈಲಿ ಕರಿಬೇವು, ನುಗ್ಗೆಕಾಯಿ ಚೀಲ. ಮಗಳಿಗೆ ಫೋಟೋ ಕಳ್ಸಿ ‘ಯಾರೋ ಎಂಪಿ ಅಲ್ಲ ಕಣಮ್ಮ’ ಅಂತ ಬರೆದೆ, ನನಗೆ ಎಂಟನೇ ಕ್ಲಾಸಲ್ಲೇ ಗೊತ್ತಿತ್ತು ಡ್ಯಾಡ್ ಅಂತ ರಿಪ್ಲೈ ಬಂತು.

ಇನ್ನು ಸಂಘದ ವಿಷಯ. ಹೋದ ವರ್ಷ ನಾವು ವೋಟರ್ ರಿಜಿಸ್ಟ್ರೇಷನ್ ಟೇಬಲ್ ಹಾಕಿದ್ದು ಊಟದ ಹಾಲ್ ಹಿಂದಿನ ಕಾರಿಡಾರಲ್ಲಿ, ಬಂದವರು ಹನ್ನೊಂದು ಜನ, ಅದ್ರಲ್ಲಿ ನಾಲ್ಕು ಜನ ರೆಸ್ಟ್‌ರೂಮ್ ಎಲ್ಲಿ ಅಂತ ಕೇಳೋಕೆ. ಸಿಟಿಜನ್ ಆಗಿ ಹತ್ತು ವರ್ಷ ಆದ್ರೂ ಒಂದ್ಸಲಾನೂ ಓಟು ಹಾಕದವರು ನಮ್ಮಲ್ಲೇ ಇದಾರೆ, ಹೆಸರು ಹೇಳಲ್ಲ, ಅವರಿಗೇ ಗೊತ್ತು. ಈ ಸಲ ಆಗಸ್ಟ್ 30 ಶನಿವಾರ ಗಣೇಶನ ಹಬ್ಬಕ್ಕೆ ಟೇಬಲ್ ಮುಂಬಾಗಿಲಲ್ಲೇ ಇರುತ್ತೆ, ಚಪ್ಪಲಿ ಬಿಡೋ ಜಾಗದ ಪಕ್ಕ, ತಪ್ಪಿಸ್ಕೊಳಕ್ಕಾಗಲ್ಲ. ಡ್ರೈವರ್ಸ್ ಲೈಸೆನ್ಸ್ ತನ್ನಿ. ಕೂತ್ಕೊಳೋಕೆ ನಮ್ಮ ಹಿರಿಯರು ಇನ್ನಿಬ್ಬರು ಸಿಗ್ಮಾ ಬ್ರದರ್ಸ್ ಜೊತೆ ಬರ್ತೀನಿ ಅಂದಿದಾರೆ. ಸೂಟು ಹಾಕ್ಕೊಂಡ್ರೆ ಪರವಾಗಿಲ್ವಾ, ಶೂ ಬಿಚ್ಬೇಕಾ, ಮತ್ತೆ ಆ ಪುಳಿಯೋಗರೆ ಇರುತ್ತಾ ಅಂತ ಕೇಳಿದಾರೆ. ಪುಳಿಯೋಗರೆ ಇರುತ್ತೆ ಅಂದಿದೀನಿ. ಅಡುಗೆ ಕಮಿಟಿಯವರು ದಯವಿಟ್ಟು ಗಮನಿಸಿ.